ಅಲಾಸ್ಕಾ ಷಿಕಾರಿಗೆ ಕರೆ ಬಂದರೆ: ದಾವಣಗೆರೆಯಲ್ಲಿ ಕೂತು ಮಾಡಿಕೊಳ್ಳಬೇಕಾದ ತಯಾರಿ

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನ ಗಂಡನೋ ಫೋನ್ ಮಾಡಿ "ಮುಂದಿನ ಸೆಪ್ಟೆಂಬರ್‌ಗೆ ಅಲಾಸ್ಕಾದಲ್ಲಿ ಮೂಸ್ ಷಿಕಾರಿಗೆ ಹೋಗ್ತಿದ್ದೀವಿ, ನೀನೂ ಬಾರೋ" ಅಂದರೆ ಯಾರಿಗಾದರೂ ಖುಷಿ ಆಗುತ್ತದೆ. ಆಮೇಲೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತೋಚುವುದಿಲ್ಲ. (ಮೂಸ್ ಅಂದರೆ ಜಿಂಕೆ ಜಾತಿಯ ಭಾರೀ ಪ್ರಾಣಿ.) ನಮ್ಮ ದಾವಣಗೆರೆ, ಚಿತ್ರದುರ್ಗದ ಎಷ್ಟೋ ಮನೆಗಳ ಮಕ್ಕಳು ಈಗ ಅಲ್ಲಿದ್ದಾರೆ. ಅವರಲ್ಲಿ ಕೆಲವರು ಅಲ್ಲಿನ ಗೆಳೆಯರ ಜೊತೆ ಸೇರಿ, ಕಾನೂನಿನ ಪ್ರಕಾರವೇ ಲೈಸೆನ್ಸ್ ಮಾಡಿಸಿ ಬೇಟೆಗೆ ಹೋಗುತ್ತಾರೆ. ಅಂಥ ಕರೆ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ರಸ್ತೆಯೇ ಇಲ್ಲದ ಜಾಗದ ಮಾತು. ಸಣ್ಣ ವಿಮಾನವೊಂದು ನಿಮ್ಮನ್ನು ಯಾವುದೋ ಕೆರೆಯಲ್ಲೋ ನದಿಯ ಮರಳು ದಂಡೆಯಲ್ಲೋ ಇಳಿಸಿ ಹೋಗುತ್ತದೆ. ವಾರ ಹತ್ತು ದಿನ ಬಿಟ್ಟು ಕರೆದುಕೊಂಡು ಹೋಗಲು ಬರುತ್ತದೆ. ನಡುವೆ ಅಂಗಡಿ ಇಲ್ಲ, ಆಸ್ಪತ್ರೆ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಆದ್ದರಿಂದ ತಯಾರಿಯನ್ನು ಕೊನೆಯಿಂದ ಶುರು ಮಾಡಿ. ಹೊಡೆದ ಪ್ರಾಣಿಯ ಮಾಂಸ ಆ ಜಾಗದಿಂದ ಹೇಗೆ ಹೊರಗೆ ಬರುತ್ತದೆ, ಯಾರ ಮನೆಗೆ ಹೋಗುತ್ತದೆ, ಹೇಳಿದ ದಿನ ವಿಮಾನ ಬರದಿದ್ದರೆ ನೀವು ಏನು ತಿಂದು ಎಲ್ಲಿ ಮಲಗುತ್ತೀರಿ. ಈ ಮೂರಕ್ಕೆ ಉತ್ತರ ಕೈಯಲ್ಲಿದ್ದರೆ ಉಳಿದ ತಯಾರಿ ಸುಲಭ. ಇವಕ್ಕೆ ಉತ್ತರ ಇಲ್ಲದೆ ಬಂದೂಕು, ಬೂಟು, ಕ್ಯಾಮೆರಾ ಅಂತ ಚರ್ಚೆ ಮಾಡುವುದು ಸುಮ್ನೆ ದಂಡ.

ಮೊದಲು ಕಾನೂನು

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಷಿಕಾರಿ ಅನ್ನುವುದು ಹವ್ಯಾಸವಾಗಿ ಉಳಿದಿಲ್ಲ, ಅದು ಅಪರಾಧ. ಅಭ್ಯಾಸಕ್ಕೆ ಅಂತ ಹೊಲದಲ್ಲಿ ಮೊಲಕ್ಕೋ ಕೌಜುಗಕ್ಕೋ ಗುರಿ ಇಡುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಉಳಿದಿದ್ದರೆ, ಜೋಗಿಮಟ್ಟಿಯಲ್ಲಿ ಚಿರತೆ ಕರಡಿ ಓಡಾಡುತ್ತಿದ್ದರೆ ಅದಕ್ಕೆ ಈ ಕಾಯ್ದೆಯೇ ಕಾರಣ. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಅಲಾಸ್ಕಾದ ಲೆಕ್ಕ ಬೇರೆ. ಅಲ್ಲಿ ಜನ ಕಡಿಮೆ, ಕಾಡು ಜಾಸ್ತಿ. ಬೇಟೆಯ ಮಾಂಸ ಅಲ್ಲಿನ ಎಷ್ಟೋ ಕುಟುಂಬಗಳಿಗೆ ಚಳಿಗಾಲದ ಊಟ. ಇಡೀ ರಾಜ್ಯವನ್ನು 26 ಬೇಟೆ ವಲಯಗಳಾಗಿ ಭಾಗ ಮಾಡಿದ್ದಾರೆ. ಯಾವ ವಲಯದಲ್ಲಿ ಯಾವ ಪ್ರಾಣಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಂಥ ಕೊಂಬಿನದು ಅಂತ ಅಲ್ಲಿನ ಮೀನು ಮತ್ತು ಬೇಟೆ ಇಲಾಖೆ ನಿಯಮದ ಪುಸ್ತಕ ಹೊರಡಿಸುತ್ತದೆ. ಅದು ಉಚಿತವಾಗಿ ಸಿಗುತ್ತದೆ. ನೀವು ಹೋಗುವ ವಲಯದ ಪುಟವನ್ನು ಪ್ರಿಂಟ್ ತೆಗೆಸಿ ಅಣ್ಣನ ಜೊತೆ ಕೂತು ಸಾಲುಸಾಲಾಗಿ ಓದಿ. ಉದಾಹರಣೆಗೆ ಬಹಳಷ್ಟು ವಲಯಗಳಲ್ಲಿ ಹೊರಗಿನವರು ಹೊಡೆಯುವ ಗಂಡು ಮೂಸ್‌ನ ಕೊಂಬಿನ ಅಗಲ 50 ಇಂಚು, ಅಂದರೆ 127 ಸೆಂಟಿಮೀಟರ್ ಇರಲೇಬೇಕು, ಇಲ್ಲವೇ ಕೊಂಬಿನ ಮುಂಭಾಗದಲ್ಲಿ ವಲಯ ಹೇಳಿದಷ್ಟು ಕವಲುಗಳಿರಬೇಕು. ದೂರದಿಂದ ನೋಡಿ ಇದನ್ನು ಅಳೆಯುವುದು ಕಷ್ಟದ ವಿದ್ಯೆ. ಅನುಮಾನ ಇದ್ದರೆ ಹೊಡೆಯುವಂತಿಲ್ಲ.

ಇನ್ನೊಂದು ನಿಯಮ ವಿಮಾನದಲ್ಲಿ ಹೋಗುವವರಿಗೆ ಬಹಳ ಮುಖ್ಯ. ವಿಮಾನದಲ್ಲಿ ಹಾರಿದ ದಿನ ದೊಡ್ಡ ಪ್ರಾಣಿಗಳ ಬೇಟೆ ಆಡುವಂತಿಲ್ಲ, ಆಡುವವರಿಗೆ ನೆರವಾಗುವಂತೆಯೂ ಇಲ್ಲ. ಮಾರನೆಯ ದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕು. ಮೇಲಿನಿಂದ ಪ್ರಾಣಿ ನೋಡಿ, ಇಳಿದು, ಹೊಡೆದು ಹೋಗುವುದನ್ನು ತಡೆಯಲು ಮಾಡಿದ ನಿಯಮ. ಮೂಸ್, ಕ್ಯಾರಿಬೂ (ಅಲ್ಲಿನ ಹಿಮಸಾರಂಗ) ಎರಡಕ್ಕೂ ಅನ್ವಯ.

ಈಗ ನಮ್ಮಂಥವರಿಗೆ ನೇರವಾಗಿ ತಟ್ಟುವ ವಿಷಯ. ಅಮೆರಿಕದ ಪ್ರಜೆಯಾಗಿ ಬೇರೆ ರಾಜ್ಯದಲ್ಲಿರುವ ನಿಮ್ಮ ಅಣ್ಣ ಗೈಡ್ ಇಲ್ಲದೆ ಮೂಸ್, ಕ್ಯಾರಿಬೂ ಬೇಟೆ ಆಡಬಹುದು. ಭಾರತದಿಂದ ಪ್ರವಾಸಿ ವೀಸಾದಲ್ಲಿ ಹೋದ ನೀವು ಆಡುವಂತಿಲ್ಲ. ಅಲ್ಲಿ ವಾಸವಿಲ್ಲದ ವಿದೇಶೀಯರು ದೊಡ್ಡ ಪ್ರಾಣಿ ಯಾವುದನ್ನೇ ಬೇಟೆ ಆಡಬೇಕಾದರೂ ಅಲಾಸ್ಕಾದ ಲೈಸೆನ್ಸ್ ಇರುವ ಗೈಡ್ ಜೊತೆಯಲ್ಲಿರಲೇಬೇಕು. ಗೈಡ್ ಜೊತೆಗಿನ ಮೂಸ್ ಬೇಟೆಗೆ ಇಪ್ಪತ್ತು ಸಾವಿರ ಡಾಲರ್‌ಗೂ ಮೇಲೆ ಕೇಳುವುದು ಅಲ್ಲಿ ಸಾಮಾನ್ಯ. ಒಳ್ಳೆಯ ಗೈಡ್‌ಗಳು ಒಂದೆರಡು ವರ್ಷ ಮೊದಲೇ ಬುಕ್ ಆಗಿರುತ್ತಾರೆ.

ಅದಕ್ಕೇ ನನ್ನ ಸಲಹೆ ಇಷ್ಟು. ಮೊದಲ ಸಲ ಹೋಗುವವರು ಬಂದೂಕು ಹಿಡಿಯದೆ ಜೊತೆಗಾರರಾಗಿ ಹೋಗಿ. ಅಡುಗೆ ಮಾಡಿ, ಡೇರೆ ನೋಡಿಕೊಳ್ಳಿ, ದುರ್ಬೀನು ಹಿಡಿದು ಕೂತು ಕಾಡು ನೋಡಿ, ಮಾಂಸ ಹೊರಲು ಹೆಗಲು ಕೊಡಿ. ಖರ್ಚು ಎಷ್ಟೋ ಪಾಲು ಕಡಿಮೆ. ಕಲಿಯುವುದು ಮಾತ್ರ ಬೇಟೆಗಾರನಷ್ಟೇ. ಅಲ್ಲಿನ ತಂಡಗಳಿಗೆ ನಿಜವಾಗಿ ಬೇಕಾಗಿರುವುದೂ ಭಾರ ಹೊರಬಲ್ಲ, ಬೇಸರ ಮಾಡಿಕೊಳ್ಳದ ಒಬ್ಬ ಮನುಷ್ಯ.

ವಿಮಾನದವರನ್ನು ಏನು ಕೇಳಬೇಕು

ಕಾಡಿಗೆ ಹಾರುವ ವಿಮಾನಗಳು ನಾವು ಬೆಂಗಳೂರಿನಲ್ಲಿ ಹತ್ತುವಂಥವಲ್ಲ. ನೀರಿನ ಮೇಲೆ ಇಳಿಯಲು ಕಾಲಿಗೆ ದೋಣಿಯಂಥ ಫ್ಲೋಟ್ ಕಟ್ಟಿಕೊಂಡ ಬೀವರ್, ಸೆಸ್ನಾ 206 ಇರುತ್ತವೆ. ಜಲ್ಲಿ ದಂಡೆಯಲ್ಲಿ ಇಳಿಯಲು ದಪ್ಪ ಚಕ್ರದ ಸೂಪರ್ ಕಬ್ ಬರುತ್ತದೆ, ಅದರಲ್ಲಿ ಪೈಲಟ್ ಹಿಂದೆ ಒಬ್ಬರಿಗೆ ಮಾತ್ರ ಜಾಗ. ಬೀವರ್ ಮೊದಲ ಸಲ ಹಾರಿದ್ದು 1947ರಲ್ಲಿ. ಇಂದಿಗೂ ಅಲ್ಲಿ ಅದೇ ದುಡಿಯುತ್ತಿದೆ, ಯಾಕೆಂದರೆ ಭಾರ ಹೊತ್ತು ಚಿಕ್ಕ ಕೆರೆಯಿಂದ ಮೇಲೇಳುವ ಶಕ್ತಿ ಅದಕ್ಕಿದೆ.

ಬುಕ್ ಮಾಡುವ ಮುನ್ನ ಅಣ್ಣನಿಂದ ಈ ಪ್ರಶ್ನೆಗಳನ್ನು ಬರೆದು ಕೇಳಿಸಿ, ಉತ್ತರವನ್ನೂ ಬರಹದಲ್ಲೇ ತರಿಸಿ. ಒಬ್ಬರಿಗೆ ಎಷ್ಟು ತೂಕದ ಸಾಮಾನು? 50 ಪೌಂಡ್, ಅಂದರೆ 23 ಕೆಜಿ ಆಸುಪಾಸು ಹೇಳುವವರು ಜಾಸ್ತಿ. ಯಾವ ವಿಮಾನ, ಎಷ್ಟು ಸುತ್ತು? ಮಾಂಸ ಸಾಗಿಸುವ ಸುತ್ತಿಗೆ ಬೇರೆ ದುಡ್ಡಾ? ಎರಡನೇ ದಿನವೇ ಮೂಸ್ ಸಿಕ್ಕಿಬಿಟ್ಟರೆ ನಡುವೆ ಬಂದು ಮಾಂಸ ಒಯ್ಯುತ್ತೀರಾ, ಇಲ್ಲ ಕೊನೆಯ ದಿನದವರೆಗೆ ನಾವೇ ಕಾಯಬೇಕಾ? ಹವಾಮಾನ ಕೆಟ್ಟರೆ ಯಾರಿಗೆ, ಹೇಗೆ ಸುದ್ದಿ ಕೊಡುತ್ತೀರಿ? ಕೊನೆಯ ಎರಡು ಪ್ರಶ್ನೆಗೆ ಅಸ್ಪಷ್ಟ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.

ಬರೀ ವಿಮಾನದಲ್ಲಿ ಬಿಟ್ಟು ಬರುವವರು ಬೇರೆ, ಗೈಡ್ ಬೇರೆ ಅನ್ನುವುದನ್ನೂ ಗಮನಿಸಿ. ಬಿಟ್ಟು ಬರುವವರು ಬೇಟೆಗೆ ದಾರಿ ತೋರಿಸುವಂತಿಲ್ಲ. ಅವರ ಮಾತು ನಂಬಿಕೊಂಡು "ಗೈಡ್ ಇದ್ದಂಗೇ ಆಯ್ತು" ಅಂತ ಬಂದೂಕು ಹಿಡಿದರೆ ವಿದೇಶೀಯರಾದ ನೀವೇ ಸಿಕ್ಕಿಬೀಳುತ್ತೀರಿ.

ಕಾಗದಪತ್ರ, ಬಂದೂಕು, ಸ್ಯಾಟಲೈಟ್ ಸಾಧನ

ವೀಸಾ ಸಂದರ್ಶನದ ದಿನ ಸಿಗುವುದೇ ತಿಂಗಳುಗಟ್ಟಲೆ ತಡವಾಗಬಹುದು. ಹಾಗಾಗಿ ಎಲ್ಲಕ್ಕಿಂತ ಮೊದಲು ಅದಕ್ಕೆ ಅರ್ಜಿ ಹಾಕಿ, ವೀಸಾ ಕೈಗೆ ಬರುವ ತನಕ ವಿಮಾನದವರಿಗೆ ವಾಪಸ್ ಸಿಗದ ಮುಂಗಡ ಕೊಡಬೇಡಿ.

ಇಲ್ಲಿಂದ ಬಂದೂಕು ಒಯ್ಯುವ ಆಲೋಚನೆ ಬೇಡ. ಇಲ್ಲಿನ ಶಸ್ತ್ರಾಸ್ತ್ರ ಕಾಯ್ದೆಯ ಅನುಮತಿ, ಅಲ್ಲಿಗೆ ತರಲು 6ಎನ್‌ಐಎ ಅನ್ನುವ ಫಾರಂ, ದಾರಿಯ ಒಂದೊಂದು ಏರ್‌ಲೈನ್ಸಿನ ಒಪ್ಪಿಗೆ, ಇಷ್ಟೆಲ್ಲ ತಾಪತ್ರಯಕ್ಕೆ ಸಿಗುವ ಲಾಭ ಏನೂ ಇಲ್ಲ. ಗೈಡ್ ಹತ್ತಿರ .30-06 ಅಥವಾ .300 ವಿನ್‌ಚೆಸ್ಟರ್ ಮ್ಯಾಗ್ನಮ್ ರೈಫಲ್ ಇರುತ್ತದೆ, ಅದನ್ನೇ ಕೇಳಿ. ಆದರೆ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಪ್ರವಾಸಿ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಸಾಮಾನ್ಯವಾಗಿ ನಿಷೇಧ ಇದೆ. ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ. ಆ ಲೈಸೆನ್ಸ್ ಜೇಬಿಗೆ ಬರುವ ಮೊದಲು ಅಣ್ಣನ ಮನೆಯಲ್ಲಿ "ಒಂದ್ಸಲ ಹಿಡಿದು ನೋಡ್ತೀನಿ" ಅಂತ ಕೂಡ ಕೈಗೆ ತಗೋಬೇಡಿ.

ಸ್ಯಾಟಲೈಟ್ ಫೋನ್, ಗಾರ್ಮಿನ್ ಇನ್‌ರೀಚ್ ಇವುಗಳ ವಿಷಯದಲ್ಲಿ ಇನ್ನೂ ಹುಷಾರು. ಅಲಾಸ್ಕಾ ಕಾಡಿನಲ್ಲಿ ಇನ್‌ರೀಚ್ ಇಲ್ಲದೆ ಒಂದು ರಾತ್ರಿಯೂ ಇರಬಾರದು. ಅದರಿಂದ ಮೆಸೇಜ್ ಕಳಿಸಬಹುದು, ತೊಂದರೆ ಆದರೆ ಒಂದು ಬಟನ್ ಒತ್ತಿ ರಕ್ಷಣೆ ಕೇಳಬಹುದು. ಅದೇ ಸಾಧನವನ್ನು ಸರ್ಕಾರದ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಂಡರೆ ಅಪರಾಧ. ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಪ್ರವಾಸಿಗರು ಇದೇ ಕಾರಣಕ್ಕೆ ಪೊಲೀಸರ ಕೈಗೆ ಸಿಕ್ಕಿದ್ದಾರೆ. ಅಲ್ಲೇ ಬಾಡಿಗೆಗೆ ತಗೊಳ್ಳಿ, ಅಲ್ಲೇ ಕೊಟ್ಟು ಬನ್ನಿ.

ಪ್ರವಾಸ ವಿಮೆ ಮಾಡಿಸುವಾಗ ಏಜೆಂಟ್ ಮಾತು ಕೇಳಿ ಸುಮ್ಮನಾಗಬೇಡಿ, ಪಾಲಿಸಿ ಓದಿ. ಬೇಟೆ, ಸಾಹಸ ಚಟುವಟಿಕೆ ಅಂತ ಹೊರಗಿಟ್ಟಿರುತ್ತಾರೆ. ಕಾಡಿನಿಂದ ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಒಯ್ಯುವ ಖರ್ಚು ಅದರಲ್ಲಿ ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಹಲ್ಲು ನೋವಿದ್ದರೆ ಈಗಲೇ ತೋರಿಸಿ. ಧನುರ್ವಾಯು ಇಂಜೆಕ್ಷನ್ ಹಾಕಿಸಿ. ಬಿಪಿ, ಶುಗರ್ ಮಾತ್ರೆ ಎರಡು ಪಾಲು ತಗೊಂಡು ಎರಡು ಬೇರೆ ಬ್ಯಾಗಿನಲ್ಲಿಡಿ.

ಮೈ ಪಳಗಿಸುವುದು

ತಯಾರಿಯಲ್ಲಿ ಹೆಚ್ಚು ಸಮಯ ಬೇಡುವ ಕೆಲಸ ಇದು. ಆರು ತಿಂಗಳಾದರೂ ಬೇಕು.

ಮೊದಲು ಲೆಕ್ಕ ನೋಡಿ. ಅಲಾಸ್ಕಾದ ದೊಡ್ಡ ಗಂಡು ಮೂಸ್ 1,600 ಪೌಂಡ್, ಅಂದರೆ 725 ಕೆಜಿವರೆಗೆ ತೂಗುತ್ತದೆ. ನಮ್ಮ ಕಡವೆಯ ಎರಡರಷ್ಟಕ್ಕೂ ಜಾಸ್ತಿ. ಅಂಥದರಿಂದ ಸುಮಾರು 225 ಕೆಜಿ ಮಾಂಸ ಸಿಗುತ್ತದೆ. ತಿನ್ನಲು ಬರುವ ಮಾಂಸವನ್ನೆಲ್ಲ ಹೊರಗೆ ತರಲೇಬೇಕು, ಕಾಡಲ್ಲಿ ಬಿಟ್ಟು ಬಂದರೆ ಅಲ್ಲಿನ ಕಾನೂನಿನಲ್ಲಿ ದೊಡ್ಡ ಅಪರಾಧ. ಒಬ್ಬರು ಒಂದು ಸಲಕ್ಕೆ 30 ಕೆಜಿ ಹೊತ್ತರೆ ಎಂಟು ಹೊರೆ. ಡೇರೆಯಿಂದ 2 ಕಿಲೋಮೀಟರ್ ದೂರದಲ್ಲಿ ಹೊಡೆದಿದ್ದರೆ, ಮೂವರು ಇದ್ದರೂ ಒಬ್ಬೊಬ್ಬರಿಗೆ ಸುಮಾರು 12 ಕಿಲೋಮೀಟರ್ ನಡಿಗೆ, ಅದರಲ್ಲಿ ಅರ್ಧ ಹೊರೆ ಹೊತ್ತು. ಕೆಲವು ವಲಯಗಳಲ್ಲಿ ಅಕ್ಟೋಬರ್ 1ಕ್ಕಿಂತ ಮೊದಲು ಮೂಳೆ ಸಮೇತವೇ ತರಬೇಕು ಅನ್ನುವ ನಿಯಮ ಇದೆ. ಆಗ ಹೊರೆ ಇನ್ನೂ ಹೆಚ್ಚು.

ನೆಲವಾದರೂ ಗಟ್ಟಿಯೇ? ಅಲ್ಲ. ತಂಡ್ರಾ ಅಂದರೆ ಹುಲ್ಲಿನ ಗುಪ್ಪೆಗಳು, ನಡುವೆ ನೀರು. ಗುಪ್ಪೆ ಮೇಲೆ ಕಾಲಿಟ್ಟರೆ ಪಾದ ಹೊರಳುತ್ತದೆ, ನಡುವೆ ಇಟ್ಟರೆ ಮೊಣಕಾಲುದ್ದ ಇಳಿಯುತ್ತದೆ. ಜಿಮ್ಮಿನ ಟ್ರೆಡ್‌ಮಿಲ್ ಇದಕ್ಕೆ ಸಾಕಾಗುವುದಿಲ್ಲ. ನಮ್ಮ ಪುಣ್ಯಕ್ಕೆ ದಾವಣಗೆರೆ, ಹರಿಹರದ ಸುತ್ತ ಭದ್ರಾ ಕಾಲುವೆಯ ಗದ್ದೆಗಳಿವೆ. ಕೊಯ್ಲಾದ ಮೇಲೆ ಇನ್ನೂ ತೇವ ಆರದ ಗದ್ದೆಯಲ್ಲಿ, ಗೊತ್ತಿರುವ ರೈತರನ್ನು ಕೇಳಿಕೊಂಡು, ಬೂಟು ಹಾಕಿ ಬೆನ್ನ ಮೇಲೆ ಹೊರೆ ಇಟ್ಟು ನಡೆಯಿರಿ. ಬದುವಿನ ಮೇಲೆ ಒಂದು ಸುತ್ತು, ಕೆಸರಲ್ಲಿ ಒಂದು ಸುತ್ತು. ಕೆಸರಿಂದ ಕಾಲು ಕಿತ್ತು ಇಡುವಾಗ ತೊಡೆಯ ಯಾವ ಸ್ನಾಯು ಎಳೆಯುತ್ತದೋ ಅಲ್ಲೂ ಅದೇ ಎಳೆಯುತ್ತದೆ. ಚಿಕ್ಕಂದಿನಿಂದ ಗದ್ದೆ ಕೆಲಸ ಮಾಡಿದವರು ಇದರಲ್ಲಿ ಪಟ್ಟಣದ ಹುಡುಗರಿಗಿಂತ ಎಷ್ಟೋ ಮುಂದೆ ಇರುತ್ತಾರೆ.

ಏರು ಇಳಿಜಾರಿಗೆ ಚಿತ್ರದುರ್ಗದ ಕೋಟೆ ಇದೆ, ಜೋಗಿಮಟ್ಟಿ ದಾರಿ ಇದೆ. ಜೋಗಿಮಟ್ಟಿ ವನ್ಯಧಾಮ, ಅರಣ್ಯ ಇಲಾಖೆ ಬಿಡುವ ಸಮಯದಲ್ಲಿ ಬಿಡುವ ದಾರಿಯಲ್ಲೇ ಹೋಗಿ. ಕೋಟೆಯಲ್ಲಿ ಬೆಳಗ್ಗೆ ಬಾಗಿಲು ತೆರೆದ ತಕ್ಷಣ ಹೋದರೆ ಬಿಸಿಲೂ ಇರಲ್ಲ, ಜನವೂ ಇರಲ್ಲ. ಹತ್ತುವುದಕ್ಕಿಂತ ಇಳಿಯುವುದರ ಕಡೆ ಜಾಸ್ತಿ ಗಮನ ಕೊಡಿ. ಹೊರೆ ಹೊತ್ತು ಇಳಿಯುವಾಗಲೇ ಮಂಡಿ ಕೆಡುವುದು.

ಹೊರೆಯನ್ನು 8-10 ಕೆಜಿಯಿಂದ ಶುರು ಮಾಡಿ, ನಿಧಾನಕ್ಕೆ ಏರಿಸಿ, ಕೊನೆಯ ತಿಂಗಳಿಗೆ 30 ಕೆಜಿಗೆ ಬನ್ನಿ. 25 ಕೆಜಿ ಅಕ್ಕಿ ಮೂಟೆ ಮನೆಯಲ್ಲೇ ಇರುತ್ತದಲ್ವಾ, ಅದನ್ನೇ ಬ್ಯಾಗಿಗೆ ಕಟ್ಟಿ. ವಾರಕ್ಕೆ ಒಂದೇ ದಿನ ಭಾರದ ನಡಿಗೆ ಸಾಕು, ಉಳಿದ ದಿನ ಬರಿಗೈಯಲ್ಲಿ ಬೇಗಬೇಗ ನಡೆಯಿರಿ. ಅಲ್ಲಿ ಹಾಕುವ ಬೂಟನ್ನೇ ಇಲ್ಲೂ ಹಾಕಿ. ಹೊಸ ಬೂಟು ಹಾಕಿಕೊಂಡು ವಿಮಾನ ಇಳಿದವರಿಗೆ ಎರಡನೇ ದಿನ ಬೊಕ್ಕೆ ಏಳುತ್ತದೆ, ಮೂರನೇ ದಿನ ಅವರು ಡೇರೆ ಬಿಟ್ಟು ಹೊರಗೆ ಬರುವುದಿಲ್ಲ.

ಗುರಿ ಅಭ್ಯಾಸ ಬೇಕಾದವರಿಗೆ ಇಲ್ಲಿ ಕಾನೂನಿನ ಒಳಗೇ ದಾರಿ ಇದೆ. .177 ಕ್ಯಾಲಿಬರ್‌ನ, 20 ಜೌಲ್ ಒಳಗಿನ ಶಕ್ತಿಯ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಹಿಂದೆ ಮಣ್ಣಿನ ದಿಬ್ಬ ಇರುವ, ಜನ ದನ ಓಡಾಡದ ಜಾಗದಲ್ಲಿ ಕಾಗದದ ಗುರಿಗೆ ಮಾತ್ರ ಹೊಡೆಯಿರಿ. ಕೂತು, ಮೊಣಕಾಲೂರಿ, ಬ್ಯಾಗಿನ ಮೇಲೆ ಕೊಳವೆ ಒರಗಿಸಿ. ಅರ್ಧ ಉಸಿರು ಬಿಟ್ಟು, ತಡೆದು, ಮೆಲ್ಲಗೆ ಕುದುರೆ ಎಳೆಯುವುದು ಅಭ್ಯಾಸವಾದರೆ ಅಲ್ಲಿ ಗೈಡ್‌ನ ರೈಫಲ್ ಹಿಡಿದಾಗ ಕೈ ನಡುಗುವುದಿಲ್ಲ.

ಇನ್ನೊಂದು ಅಭ್ಯಾಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಡೇರೆ ಹಾಕುವುದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿ ಬೀಸುವಾಗ, ಮಳೆ ಹನಿಯುವಾಗ, ನಿಮ್ಮದೋ ನೆಂಟರದೋ ಹೊಲದಲ್ಲಿ ಇಬ್ಬರೇ ಸೇರಿ ಡೇರೆ ಎಬ್ಬಿಸಿ, ಒಂದು ರಾತ್ರಿ ಮಲಗಿ, ಬೆಳಗ್ಗೆ ಒದ್ದೆ ಡೇರೆ ಮಡಚಿ ಬ್ಯಾಗಿಗೆ ತುರುಕಿ. ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿ ಆಗಬೇಕು.

ಬ್ಯಾಗು, ಬಟ್ಟೆ, ಬುತ್ತಿ

ಗಟ್ಟಿ ಸೂಟ್‌ಕೇಸ್ ಸಣ್ಣ ವಿಮಾನದಲ್ಲಿ ಕೂರುವುದಿಲ್ಲ. ಮೆತ್ತನೆಯ, ನೀರು ಹೋಗದ ಚೀಲಗಳು ಬೇಕು. ಒಂದು ದೊಡ್ಡದಕ್ಕಿಂತ ಮೂರು ಸಣ್ಣವು ಒಳ್ಳೆಯದು, ಮೂಲೆ ಮೂಲೆಗೆ ತುರುಕಬಹುದು. ಮನೆಯಲ್ಲೇ ಒಂದೊಂದು ವಸ್ತುವನ್ನೂ ತೂಗಿ ಚೀಟಿಯಲ್ಲಿ ಬರೆಯಿರಿ. ವಿಮಾನದವರು ನಿಮ್ಮನ್ನೂ ಬಟ್ಟೆ ಬೂಟು ಸಮೇತ ತೂಗುತ್ತಾರೆ. ನಾಚಿಕೆಗೆ ಎರಡು ಕೆಜಿ ಕಡಿಮೆ ಹೇಳಬೇಡಿ, ಕೆರೆಯಿಂದ ವಿಮಾನ ಮೇಲೇಳುತ್ತದೋ ಇಲ್ಲವೋ ಅನ್ನುವುದು ಆ ಲೆಕ್ಕದ ಮೇಲೆ ನಿಂತಿದೆ.

ಹತ್ತಿಯ ಮಿಲ್ಲುಗಳಿಂದ ಬೆಳೆದ ಊರು ನಮ್ಮದು, ಹತ್ತಿ ಬಟ್ಟೆ ನಮಗೆ ಪ್ರೀತಿ. ಆದರೆ ಅಲ್ಲಿಗೆ ಹತ್ತಿ ಬೇಡ, ಒಳಬಟ್ಟೆ ಕೂಡ ಹತ್ತಿಯದು ಬೇಡ. ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನು ಎಳೆದುಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಹಗಲು ಹತ್ತು ಡಿಗ್ರಿ ಆಸುಪಾಸು, ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ, ಮಳೆ ಯಾವಾಗ ಬೇಕಾದರೂ. ಮೈಗಂಟುವ ಉಣ್ಣೆ ಅಥವಾ ಸಿಂಥೆಟಿಕ್ ಪದರ ಎರಡು ಜೊತೆ, ಮೇಲೊಂದು ಫ್ಲೀಸ್, ಅದರ ಮೇಲೆ ದಪ್ಪ ಜಾಕೆಟ್, ಎಲ್ಲಕ್ಕೂ ಹೊರಗೆ ಗಟ್ಟಿ ರೈನ್‌ಕೋಟ್ ಮತ್ತು ಪ್ಯಾಂಟ್. ಉಣ್ಣೆಯ ಕಾಲುಚೀಲ ನಾಲ್ಕು ಜೊತೆ, ಅದರಲ್ಲಿ ಒಂದು ಜೊತೆ ಮಲಗುವಾಗ ಮಾತ್ರ. ತೊಡೆಯವರೆಗಿನ ರಬ್ಬರ್ ಬೂಟು ಅಲ್ಲೇ ಸಿಗುತ್ತದೆ, ಫ್ಲೋಟ್ ವಿಮಾನದಿಂದ ಇಳಿಯುವುದು ನೀರಿಗೇ. ಮಲಗುವ ಚೀಲ ಮೈನಸ್ ಹತ್ತು ಡಿಗ್ರಿ ತಡೆಯುವಂಥದಿರಲಿ. ಇದರಲ್ಲಿ ದುಡ್ಡು ಉಳಿಸಬೇಡಿ.

ಒಲೆಯ ಗ್ಯಾಸ್ ಡಬ್ಬಿ, ಕರಡಿ ಸ್ಪ್ರೇ (ನುಗ್ಗಿ ಬರುವ ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇ) ಎರಡನ್ನೂ ದೊಡ್ಡ ವಿಮಾನಗಳಲ್ಲಿ ಒಯ್ಯುವಂತಿಲ್ಲ, ಚೆಕ್ ಇನ್ ಬ್ಯಾಗಿನಲ್ಲೂ ಇಲ್ಲ. ಅಲಾಸ್ಕಾದ ದೊಡ್ಡ ಊರುಗಳಾದ ಆಂಕರೇಜ್‌ನಲ್ಲೋ ಫೇರ್‌ಬ್ಯಾಂಕ್ಸ್‌ನಲ್ಲೋ ಕೊಳ್ಳಿ. ಸಣ್ಣ ವಿಮಾನದ ಪೈಲಟ್‌ಗೆ ಮೊದಲೇ ಹೇಳಿ, ಸ್ಪ್ರೇಯನ್ನು ಅವರು ಫ್ಲೋಟ್ ಒಳಗೆ ಇಡುತ್ತಾರೆ. ಕ್ಯಾಬಿನ್‌ನಲ್ಲಿ ಅದು ಸೋರಿದರೆ ಪೈಲಟ್‌ಗೇ ಕಣ್ಣು ಕಾಣುವುದಿಲ್ಲ.

ಊಟಕ್ಕೆ ಬಂದರೆ, ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಕೊಡುವುದು ಬೇಕು. ನಮಗೆ ಪ್ರಾಣವಾದ ಮಂಡಕ್ಕಿ ಹಗುರವೇನೋ ಹೌದು, ಆದರೆ ಜಾಗ ತಿನ್ನುತ್ತದೆ. ಅದನ್ನು ಬಿಡಿ. 100 ಗ್ರಾಂ ಶೇಂಗಾದಲ್ಲಿ 560 ಕ್ಯಾಲರಿಗೂ ಮೇಲಿದೆ. ಶೇಂಗಾ ಚಿಕ್ಕಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಇವು ಅಲ್ಲಿಗೆ ಹೇಳಿ ಮಾಡಿಸಿದ ಬುತ್ತಿ, ರೊಟ್ಟಿ ಪುಡಿಯಾದರೂ ಬಿಸಿ ಸೂಪಿಗೆ ಹಾಕಿ ತಿನ್ನಬಹುದು. ಅಮೆರಿಕದಲ್ಲಿ ಇಳಿದಾಗ ತಿನ್ನುವ ವಸ್ತು ಏನೇ ಇದ್ದರೂ ಕಸ್ಟಮ್ಸಿನಲ್ಲಿ ಘೋಷಿಸಿ. ಅಕ್ಕಿಯಂತೂ ಒಯ್ಯಲೇಬೇಡಿ, ಖಪ್ರಾ ಹುಳದ ಭಯಕ್ಕೆ ನಮ್ಮ ದೇಶದಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ಅವರು ನಿಷೇಧಿಸಿದ್ದಾರೆ. ತುಪ್ಪ, ಬೇಳೆ, ಓಟ್ಸ್, ಒಣ ಊಟದ ಪ್ಯಾಕೆಟ್ ಅಲ್ಲೇ ಕೊಳ್ಳಿ. ದಿನಕ್ಕೆ ಒಬ್ಬರಿಗೆ 800 ಗ್ರಾಂ ಒಣ ಪದಾರ್ಥ ಲೆಕ್ಕ ಹಾಕಿ, ಮೇಲೆ ನಾಲ್ಕು ದಿನದ್ದು ಬೇರೆ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಕೊನೆಯ ದಿನದವರೆಗೆ ಬಿಚ್ಚಬೇಡಿ. ನೀರನ್ನು ಫಿಲ್ಟರ್ ಮಾಡಿ, ಇಲ್ಲವೇ ಒಂದು ನಿಮಿಷ ಚೆನ್ನಾಗಿ ಕುದಿಸಿ. ಕನ್ನಡಿಯಂತೆ ತಿಳಿಯಾಗಿ ಕಂಡರೂ ಅದರಲ್ಲಿ ಜಿಯಾರ್ಡಿಯಾ ಅನ್ನುವ, ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿ ಇರಬಹುದು.

ಇಳಿದ ಮೇಲೆ

ವಿಮಾನ ಹೊರಡುವ ಮುನ್ನವೇ ಸಾಮಾನನ್ನು ಪಟ್ಟಿ ನೋಡಿ ಎಣಿಸಿ, ಇನ್‌ರೀಚ್‌ನಿಂದ ಒಂದು ಮೆಸೇಜ್ ಕಳಿಸಿ ತಲುಪಿತಾ ನೋಡಿ. ಆಮೇಲೆ ಪೈಲಟ್‌ಗೆ ಕೈ ಬೀಸಿ. ಮನೆಗೆ ದಿನಕ್ಕೊಂದು ಮೆಸೇಜ್ ಸಾಕು. ಅಲಾಸ್ಕಾ ಆ ಕಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನೀವು ಸಂಜೆ 6ಕ್ಕೆ ಕಳಿಸಿದ್ದು ಅಮ್ಮನಿಗೆ ಬೆಳಗ್ಗೆ ಏಳೂವರೆಗೆ ಸಿಗುತ್ತದೆ. ಒಂದು ದಿನ ಸುದ್ದಿ ಬರದಿದ್ದರೆ ಗಾಬರಿ ಬೇಡ, ಎರಡು ದಿನ ಆದರೆ ಈ ನಂಬರ್‌ಗೆ ಫೋನ್ ಮಾಡಿ ಅಂತ ವಿಮಾನದವರ ನಂಬರನ್ನು ಮನೆಯಲ್ಲಿ ಬರೆದಿಟ್ಟು ಬನ್ನಿ.

ಡೇರೆಯನ್ನು ನೀರಿನ ಅಂಚಿಗೆ ಹಾಕಬೇಡಿ, ಮಳೆಗೆ ನದಿ ರಾತ್ರೋರಾತ್ರಿ ಏರುತ್ತದೆ. ಅಡುಗೆ, ತಿಂಡಿ, ಟೂತ್‌ಪೇಸ್ಟ್ ಸಮೇತ ವಾಸನೆ ಬರುವುದೆಲ್ಲ ಡೇರೆಯಿಂದ ನೂರು ಮೀಟರ್ ದೂರ, ಕರಡಿಗೆ ತೆಗೆಯಲಾಗದ ಡಬ್ಬಿಯಲ್ಲಿ. ಕರಡಿ ಕಂಡರೆ ಓಡಬೇಡಿ. ನಿಂತು, ಮಾತಾಡುತ್ತಾ, ಮೆಲ್ಲಗೆ ಹಿಂದೆ ಸರಿಯಿರಿ. ನುಗ್ಗಿ ಬಂದರೆ ಎಂಟು ಹತ್ತು ಮೀಟರ್ ಒಳಗೆ ಬಂದಾಗ ಸ್ಪ್ರೇ. ಕಂದು ಕರಡಿ ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಕತ್ತಿನ ಹಿಂದೆ ಕೈ ಕಟ್ಟಿ ಅಲುಗಾಡದೆ ಇರಿ. ಕಪ್ಪು ಕರಡಿಯಾದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಿ. ಸ್ಪ್ರೇ ಸೊಂಟದಲ್ಲಿರಬೇಕು, ಬ್ಯಾಗಿನೊಳಗಲ್ಲ.

ಜೊತೆಯವರು ಒಂದೇ ಸಮ ನಡುಗುತ್ತಿದ್ದರೆ, ಮಾತು ತೊದಲಿದರೆ, ಎಡವಿದರೆ ಬೇಟೆ ಅಲ್ಲಿಗೆ ನಿಲ್ಲಿಸಿ. ಒದ್ದೆ ಬಟ್ಟೆ ತೆಗೆಸಿ, ಮಲಗುವ ಚೀಲಕ್ಕೆ ಸೇರಿಸಿ, ಬಿಸಿ ಬಿಸಿ ಸಿಹಿ ಕುಡಿಸಿ.

ಹೊಡೆಯುವ ಮುನ್ನ, ಹೊಡೆದ ಮೇಲೆ

ಮೂಸ್ ಕಂಡಾಗ ಎಲ್ಲರ ಕಣ್ಣೂ ಕೊಂಬಿನ ಮೇಲೆ. ನೀವು ಅದು ನಿಂತಿರುವ ನೆಲ ನೋಡಿ. ನೀರಿನಲ್ಲಿ, ಜೌಗಿನಲ್ಲಿ ನಿಂತಿದ್ದರೆ ಬೇಡ, ಅಷ್ಟು ತೂಕವನ್ನು ಯಾರೂ ಎಳೆದು ದಡಕ್ಕೆ ತರಲಾರರು. ಡೇರೆಯಿಂದ 2 ಕಿಲೋಮೀಟರ್‌ಗಿಂತ ಆಚೆ ಇದ್ದರೂ ಬೇಡ ಅನ್ನುವುದು ನನ್ನ ಮಾತು. ಕತ್ತಲಾಗಲು ಅರ್ಧ ಗಂಟೆ ಇದ್ದರೂ ಬೇಡ. 200 ಮೀಟರ್ ಒಳಗೆ, ಪಕ್ಕೆ ತಿರುಗಿಸಿ ನಿಂತಾಗ, ಮುಂಗಾಲಿನ ಹಿಂದೆ ಹೃದಯ ಶ್ವಾಸಕೋಶದ ಜಾಗಕ್ಕೆ. ಇಷ್ಟು ಹೊಂದದಿದ್ದರೆ ಬಿಟ್ಟುಬಿಡಿ. ಗಾಯವಾಗಿ ಓಡಿಹೋದ ಪ್ರಾಣಿ ದಿನಗಟ್ಟಲೆ ನರಳುತ್ತದೆ, ಅಂಥ ಷಿಕಾರಿಗೆ ಮರ್ಯಾದೆ ಇಲ್ಲ.

ಬಿದ್ದ ಮೇಲೆ ಮೊದಲು ಟ್ಯಾಗ್ (ಹೊಡೆದ ಪ್ರಾಣಿಗೆ ಕಟ್ಟುವ ಗುರುತಿನ ಪಟ್ಟಿ), ಪರ್ಮಿಟ್ ಕೆಲಸ ನಿಯಮದಂತೆ ಮುಗಿಸಿ. ಆಮೇಲೆ ಚಾಕು. ಮಾಂಸ ಕೆಡುವುದು ಬಿಸಿಗೆ, ತೇವಕ್ಕೆ, ನೊಣಕ್ಕೆ. ಬೇಗ ಚರ್ಮ ಬಿಡಿಸಿ, ತೊಡೆ, ಮುಂಗಾಲು, ಬೆನ್ನಿನ ಪಟ್ಟಿ, ಪಕ್ಕೆಲುಬು, ಕುತ್ತಿಗೆ ಬೇರೆ ಮಾಡಿ ಗಾಳಿ ಆಡುವ ಬಟ್ಟೆ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವತು ಹಳಸುತ್ತದೆ. ಗಂಡು ಅಂತ ತೋರಿಸುವ ಗುರುತು ಮಾಂಸದ ಜೊತೆ ಉಳಿದಿರಬೇಕು ಅನ್ನುವ ಕಡೆ ಅದನ್ನು ಕತ್ತರಿಸಿ ಬಿಸಾಡಬೇಡಿ. ಮಾಂಸ ಎಲ್ಲಾ ಹೊರುವ ಮೊದಲು ಕೊಂಬನ್ನು ಅಲ್ಲಿಂದ ಕದಲಿಸುವಂತಿಲ್ಲ. ಈ ನಿಯಮ ನನಗೆ ಬಹಳ ಇಷ್ಟ.

ಮಾಂಸವನ್ನು ಡೇರೆಯಿಂದ ನೂರು ಮೀಟರ್ ಆಚೆ, ಆದರೆ ದೂರದಿಂದಲೇ ಕಾಣುವ ಬಯಲಿನಲ್ಲಿ, ಕಂಬಕ್ಕೆ ತೂಗುಹಾಕಿ. ಮೇಲೆ ಟಾರ್ಪಾಲು, ಸುತ್ತ ಗಾಳಿ. ಸಣ್ಣ ಬ್ಯಾಟರಿ ಬೇಲಿ ಸಿಕ್ಕರೆ ಸುತ್ತ ಕಟ್ಟಿ. ಬೆಳಗ್ಗೆ ಹತ್ತಿರ ಹೋಗುವಾಗ ಮೊದಲು ದುರ್ಬೀನಿನಲ್ಲಿ ನೋಡಿ, ಜೋರಾಗಿ ಮಾತಾಡುತ್ತಾ ಹೋಗಿ. ರಾತ್ರಿ ಕರಡಿ ಬಂದು ಅದರ ಮೇಲೆ ಕೂತಿದ್ದರೆ ಅದನ್ನು ಓಡಿಸಲು ಹೋಗಬೇಡಿ.

ವಾಪಸ್

ಹೇಳಿದ ದಿನ ಮಂಜು ಕವಿದರೆ ವಿಮಾನ ಬರುವುದಿಲ್ಲ. ಎರಡು ಮೂರು ದಿನ ತಡವಾಗುವುದು ಅಲ್ಲಿ ಮಾಮೂಲಿ. ಪೈಲಟ್‌ಗೆ ಒತ್ತಾಯದ ಮೆಸೇಜ್ ಕಳಿಸಬೇಡಿ, ನಿಮ್ಮ ಕಡೆ ಮೋಡ ಎಷ್ಟು ಎತ್ತರದಲ್ಲಿದೆ, ಗಾಳಿ ಯಾವ ದಿಕ್ಕಿಗೆ, ಎದುರಿನ ಗುಡ್ಡ ಕಾಣುತ್ತಿದೆಯಾ ಅಂತ ನಿಜ ನಿಜ ತಿಳಿಸಿ. ಅದು ಅವರಿಗೆ ಉಪಯೋಗ. ಆಂಕರೇಜ್‌ನಿಂದ ಹೊರಡುವ ಟಿಕೆಟನ್ನು ಕನಿಷ್ಠ ನಾಲ್ಕು ದಿನ ಬಿಟ್ಟು, ತಾರೀಖು ಬದಲಿಸಬಹುದಾದದ್ದನ್ನೇ ತಗೊಳ್ಳಿ.

ಕಾಡಿನಿಂದ ಅಲ್ಲಿನ ಊರಿಗೆ ಬಂದ ತಕ್ಷಣ ಮಾಂಸವನ್ನು ಕತ್ತರಿಸಿ ಫ್ರೀಜ್ ಮಾಡುವ ಅಂಗಡಿಗೆ ಒಯ್ಯಿರಿ, ಜಾಗ ಮೊದಲೇ ಕಾಯ್ದಿರಿಸಿದ್ದರೆ ಒಳ್ಳೆಯದು. ಅಣ್ಣನ ಮನೆಗೆ ಎಷ್ಟು, ಅವರ ಗೆಳೆಯರಿಗೆ ಎಷ್ಟು, ಉಳಿದದ್ದು ಅಲ್ಲಿನ ಹಳ್ಳಿಯವರಲ್ಲಿ ಯಾರಿಗೆ ಅಂತ ಹೊರಡುವ ಮುನ್ನವೇ ಮಾತಾಡಿಕೊಂಡಿರಬೇಕು. ಬೇರೆಯವರಿಗೆ ಕೊಡುವಾಗ ಹಸ್ತಾಂತರದ ಫಾರಂ ಬರೆದು ಸಹಿ ಹಾಕಿ ಕೊಡಿ. ಕೊಂಬು, ಚರ್ಮ, ಮಾಂಸ ಯಾವುದನ್ನೂ ದಾವಣಗೆರೆಗೆ ತರುವ ಆಸೆ ಇಟ್ಟುಕೊಳ್ಳಬೇಡಿ, ಬೆಂಗಳೂರಿನ ಕಸ್ಟಮ್ಸಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಬೇಟೆಯ ಟಿಕೆಟ್ (ಬೇಟೆಗೆ ಮೊದಲು ಇಲಾಖೆಯಿಂದ ಪಡೆಯುವ ಚೀಟಿ) ತಗೊಂಡವರು ಪ್ರಾಣಿ ಸಿಕ್ಕ 15 ದಿನದೊಳಗೆ ಇಲಾಖೆಗೆ ವರದಿ ಸಲ್ಲಿಸಬೇಕು, ಸಿಗದಿದ್ದರೂ ಬೇಟೆಯ ಕಾಲ ಮುಗಿದ ಮೇಲೆ ಸಲ್ಲಿಸಲೇಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ, ಆಂಕರೇಜ್‌ನಲ್ಲಿ ವಿಮಾನ ಕಾಯುತ್ತಾ ಕೂತಾಗಲೇ ಮುಗಿಸಿ. ಫ್ರೀಜ್ ಮಾಡಿದ ಮಾಂಸವನ್ನು ಅಣ್ಣ ತಮ್ಮ ಊರಿಗೆ ಚೆಕ್ ಇನ್ ಲಗೇಜಿನಲ್ಲಿ ಒಯ್ಯುವುದಾದರೆ ಅಂಗಡಿಯವರೇ ಮೇಣದ ರಟ್ಟಿನ ಪೆಟ್ಟಿಗೆ ಕೊಡುತ್ತಾರೆ. ಒಂದೊಂದು ಪೆಟ್ಟಿಗೆ 50 ಪೌಂಡ್ ಮೀರದಂತೆ ತೂಗಿಸಿ, ಮೇಲೆ ಹೆಸರು, ಫೋನ್ ನಂಬರ್ ಬರೆಸಿ.